ಒಂದು ಜೊತೆ ಕಾಲುಚೀಲ

ದೇವಸ್ಥಾನದ ಮನೆ, ಶ್ರೀಮಂಗಲ
ನವೆಂಬರ್ ೩೦, ೨೦೨೩

ತಂಗಿ ಕಾತ್ಯಾಯನಿಗೆ,

ಕಾಗದವನ್ನು ಕ್ಷೇಮದಿಂದ ಶುರು ಮಾಡಬೇಕು ಅಂತ ಅಪ್ಪ ಕಲಿಸಿದ್ದರು. ಶುರು ಮಾಡಿದ್ದೇನೆ ಅಂತಲೇ ತಿಳಿದುಕೋ.

ನೀನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಬಂತು. ಮಡಿಕೇರಿ ಬಸ್ಸಿನ ಕಂಡಕ್ಟರ್ ಲೋಕೇಶನ ಕೈಯಲ್ಲೇ ವಾಪಸ್ ಕಳಿಸಿದ್ದೇನೆ. ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ನಾನೇನೂ ಮಾಡಲಾರೆ. ಗರ್ಭಗುಡಿಯೊಳಗೆ ಕಾಲಿಗೆ ಚೀಲ ಕಟ್ಟಿಕೊಂಡು ಹೋಗುವ ಅರ್ಚಕನನ್ನು ನೀನು ಎಲ್ಲಿ ಕಂಡೆ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು, ಇಷ್ಟು ಬುದ್ಧಿ ಬೇಡವೆ?

ಫೋನ್ ಮಾಡು ಅಂತ ಲೋಕೇಶನ ಹತ್ತಿರ ಹೇಳಿ ಕಳಿಸಿದ್ದೀಯ. ಇಲ್ಲಿ ಸಿಗ್ನಲ್ ಬೇಕಾದರೆ ತೋಟದ ಏರಿ ಹತ್ತಬೇಕು. ಹತ್ತಲು ಕಾಲು ಬೇಕು.

ಕಾಲಿನ ವಿಷಯ ಕೇಳಿದ್ದೀಯಲ್ಲ, ಬರೆಯುತ್ತೇನೆ. ಬೆಳಿಗ್ಗೆ ಎದ್ದರೆ ಎರಡೂ ಪಾದ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತವೆ. ಬಾವಿಕಟ್ಟೆಯಲ್ಲಿ ಸ್ನಾನ ಮುಗಿಸಿ ಒದ್ದೆ ಪಂಚೆಯಲ್ಲಿ ಗುಡಿಗೆ ಬರುವಷ್ಟರಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಮಂಗಳಾರತಿಯ ಹೊತ್ತಿಗೆ ಕಾಲು ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಿಕೊಳ್ಳಬೇಕು. ಬಲಗಾಲು ಜಾಸ್ತಿ. ಹೊಸ್ತಿಲಿಗೆ ಮೊದಲು ಇಡುವ ಕಾಲು ಅದೇ ನೋಡು.

ನಿನ್ನ ಅತ್ತಿಗೆ ಶಾಂಭವಿಯ ಕಾಟ ತಾಳಲಾರದೆ ಗೋಣಿಕೊಪ್ಪಕ್ಕೆ ಹೋಗಿ ತೋರಿಸಿ ಬಂದೆ. ಡಾಕ್ಟರು ಇನ್ನೂ ಮೀಸೆ ಸರಿಯಾಗಿ ಬಾರದವನು. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಸಿಗಲಿಲ್ಲ.

"ಅಜ್ಜ, ರಕ್ತ ಕಾಲಿನ ತುದಿವರೆಗೆ ಇಳೀತಾ ಇಲ್ಲ. ಬರಿಗಾಲಲ್ಲಿ ನಿಲ್ಲಬೇಡಿ. ಚಳಿಗೆ ಹೊರಗೆ ಬರಬೇಡಿ. ತಣ್ಣೀರು ಮುಟ್ಟಬೇಡಿ. ನಶ್ಯ ಬಿಟ್ಟುಬಿಡಿ" ಅಂದ.

"ಪೂಜೆ ಬಿಡಿ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತಲ್ಲ ಮಾರಾಯ" ಅಂದೆ. ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನಶ್ಯ ಬಿಟ್ಟಿದ್ದೇನೆ. ಅಷ್ಟು ಸಾಕು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಪೂಜೆಯೊಂದು ಬಿಟ್ಟು ಈ ಕೈಗೆ ಇನ್ನೇನೂ ಬರುವುದಿಲ್ಲ. ಧನುರ್ಮಾಸ ಎದುರಿಗಿದೆ. ವರ್ಷದ ಚಳಿಯೆಲ್ಲ ಯಾವ ತಿಂಗಳಲ್ಲಿ ಬೀಳುತ್ತದೋ ಅದೇ ತಿಂಗಳಲ್ಲಿ ಸೂರ್ಯ ಹುಟ್ಟುವ ಮೊದಲು ಪೂಜೆ ಆಗಬೇಕು ಅಂತ ಹಿಂದಿನವರು ಇಟ್ಟರು. ಅವರ ಕಾಲಲ್ಲಿ ರಕ್ತ ಚೆನ್ನಾಗಿ ಓಡುತ್ತಿತ್ತು ಅಂತ ಕಾಣುತ್ತದೆ.

ಇತಿ,
ಅಣ್ಣ ಗೋಪಿನಾಥ

*

ಮಡಿಕೇರಿ
ಡಿಸೆಂಬರ್ ೬, ೨೦೨೩

ಅಣ್ಣಯ್ಯನಿಗೆ ಕಾತ್ಯಾಯನಿಯ ನಮಸ್ಕಾರ.

ಕಾಲುಚೀಲ ತಲುಪಿತು. ಹಾಕಿ ನೋಡದೆ ವಾಪಸ್ ಕಳಿಸಿದವನ ಕಾಲುಚೀಲದೊಳಗೆ ತುಳಸಿ ಎಲೆ ಹೇಗೆ ಬಂತು ಅಂತ ಯೋಚಿಸುತ್ತಾ ಕುಳಿತಿದ್ದೇನೆ. ಹಿಮ್ಮಡಿಯ ಹತ್ತಿರ ಎಳೆಯೂ ಸ್ವಲ್ಪ ಸಡಿಲವಾಗಿದೆ. ಒಂದು ರಾತ್ರಿಯಾದರೂ ಹಾಕಿಕೊಂಡು ಮಲಗಿದ್ದೀಯ. ಬೆಚ್ಚಗಿತ್ತು ಅಂತ ಒಂದು ಸಾಲು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಉಣ್ಣೆಗೆ ಮೈಲಿಗೆಯಿಲ್ಲ ಅಂತ ನನಗೆ ಹೇಳಿಕೊಟ್ಟವನು ನೀನೇ. ಅಮ್ಮನ ಶ್ರಾದ್ಧದ ದಿನ ಕಂಬಳಿ ಹೊದ್ದು ಓಡಾಡಿದವನೂ ನೀನೇ. ಮೈಗೆ ಆಗುವ ಉಣ್ಣೆ ಕಾಲಿಗೆ ಯಾಕೆ ಆಗುವುದಿಲ್ಲ? ಹೋಗಲಿ, ವಾದ ಬೇಡ. ಗೆಲ್ಲುವವನು ನೀನು, ಚಳಿಯಲ್ಲಿ ನಿಲ್ಲುವವನೂ ನೀನು.

ಕಾಲುಚೀಲವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ. ಕೇಳಿದ ದಿನ ಕಳಿಸುತ್ತೇನೆ.

ಎರಡು ಮಾತು ಮಾತ್ರ ಕೇಳು. ಗುಡಿಯಲ್ಲಿ ನಿಲ್ಲುವ ಕಡೆ ಒಂದು ಮಣೆ ಹಾಕಿಕೋ. ಇನ್ನೊಂದು, ಒಲೆಯ ಹತ್ತಿರ ಕಾಲು ಚಾಚಬೇಡ. ಮಗಳು ತನ್ಮಯೀ ನರ್ಸಿಂಗ್ ಓದಿದವಳು, ಅವಳು ಒತ್ತಿ ಒತ್ತಿ ಹೇಳಿದ್ದಾಳೆ. ಬಿಸಿ ಗೊತ್ತಾಗದ ಕಾಲಿಗೆ ಚಳಿಗಿಂತ ಬೆಂಕಿ ಕೆಟ್ಟದ್ದಂತೆ. ಬಿಸಿನೀರನ್ನೂ ಮೊದಲು ಮೊಣಕೈಯಲ್ಲಿ ಮುಟ್ಟಿ ನೋಡಬೇಕಂತೆ. ಅತ್ತಿಗೆಗೂ ಹೇಳು. ನೀನು ಹೇಳುವುದಿಲ್ಲ ಅಂತ ಗೊತ್ತು, ಆದ್ದರಿಂದ ಅವಳಿಗೆ ಬೇರೆ ಬರೆಯುತ್ತೇನೆ.

ನಿನ್ನ ತಂಗಿ,
ಕಾತ್ಯಾಯನಿ

*

ದೇವಸ್ಥಾನದ ಮನೆ
ಡಿಸೆಂಬರ್ ೨೧, ೨೦೨೩

ಕಾತ್ಯಾಯನಿಗೆ,

ತುಳಸಿ ಎಲೆ ಗಾಳಿಗೆ ಹಾರಿ ಬಿದ್ದಿರಬೇಕು. ಪೊಲೀಸರ ಹಾಗೆ ತನಿಖೆ ಮಾಡಬೇಡ.

ಧನುರ್ಮಾಸ ಶುರುವಾಯಿತು. ಮಂಜು ಎಂಥದ್ದೆಂದರೆ ಬಾವಿಕಟ್ಟೆಯಿಂದ ಗುಡಿಯ ದೀಪ ಕಾಣುವುದಿಲ್ಲ. ನಾನು ಹೋಗುವುದು ಕಣ್ಣಿನಿಂದಲ್ಲ, ಅಭ್ಯಾಸದಿಂದ. ಕಾಲಿಗೆ ನೆಲ ಸಿಕ್ಕಿತು ಅಂತ ಗೊತ್ತಾಗುವುದು ಮೊಣಕಾಲಿಗೆ ಪೆಟ್ಟು ಬಿದ್ದಾಗ.

ನಿನ್ನ ಮಾತು ಅರ್ಧ ಕೇಳಿದ್ದೇನೆ. ಕಾಲುಚೀಲ ಬೇಡ ಅಂದೆ, ಆದರೆ ಉಣ್ಣೆಗೆ ಮೈಲಿಗೆಯಿಲ್ಲ ಎಂಬುದು ಸರಿಯೇ. ಹಳೇ ಕಂಬಳಿಯ ಅಂಚನ್ನು ಹರಿದು ಎರಡೂ ಪಾದಕ್ಕೆ ಸುತ್ತಿಕೊಂಡೆ. ಮಣೆಯನ್ನೂ ಹಾಕಿಕೊಂಡೆ. ಆದರೆ ಅಭಿಷೇಕದ ನೀರು ಎಲ್ಲಿಗೆ ಹೋಗುತ್ತದೆ? ಮಣೆಯ ಅಡಿಗೂ ಬರುತ್ತದೆ, ಕಂಬಳಿಗೂ ಬರುತ್ತದೆ. ಮೊದಲನೇ ದಿನವೇ ಕಂಬಳಿ ನೆನೆದು ಕಲ್ಲಿನಷ್ಟು ಭಾರವಾಯಿತು. ಬಿಚ್ಚಿದರೆ ಮತ್ತೆ ಮಡಿ ಮಾಡಿ ಸುತ್ತಬೇಕು, ಹೊತ್ತಿಲ್ಲ. ಹುಗ್ಗಿ ಬೇಯುವವರೆಗೆ ನೈವೇದ್ಯದ ಒಲೆಯ ಮುಂದೆ ಕುಳಿತು ಕಾಲಿನ ಮೇಲೆಯೇ ಒಣಗಿಸಿಕೊಂಡೆ. ಮೂರು ದಿನ ಹೀಗೇ ನಡೆಯಿತು. ಮೊಣಕಾಲಿಗೆ ಹಿತವಾಗಿ ಬಿಸಿ ಏರುತ್ತಿತ್ತು. ಪಾದಕ್ಕೆ ಏನೂ ಇಲ್ಲ.

ಮೊನ್ನೆ ಶಾಂಭವಿ ಹೂವಿನ ಬುಟ್ಟಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ, ಹುಗ್ಗಿ ಅಡಿ ಹಿಡೀತಾ?"

"ಇಲ್ಲ. ಚೆನ್ನಾಗಿ ಬೇಯ್ತಾ ಉಂಟು."

"ಮತ್ತೆ ಕೂದಲು ಸುಟ್ಟ ಹಾಗೆ ಎಂತ ವಾಸನೆ?"

ನೋಡಿದರೆ ನನ್ನ ಕಂಬಳಿ. ಉರಿ ಇಲ್ಲ, ಹೊಗೆ ಮಾತ್ರ. ಉಣ್ಣೆ ಹಾಗೇ, ಹೊತ್ತಿ ಉರಿಯುವುದಿಲ್ಲ, ಒಳಗೊಳಗೇ ಕಮರುತ್ತದೆ. ಅವಳು ಎಳೆದು ಬಿಚ್ಚಿದಳು. ಬಲಗಾಲಿನ ಹೆಬ್ಬೆರಳು, ಪಕ್ಕದ ಬೆರಳು ಎರಡರ ಮೇಲೂ ಬೊಬ್ಬೆ ಎದ್ದಿತ್ತು. ಅವಳು ಕಿರುಚಿದಳು. ನನಗೆ ನೋವೇ ಇಲ್ಲ. ಸುಟ್ಟದ್ದು ನನಗೆ, ಕೂಗಿದ್ದು ಅವಳು. "ನೈವೇದ್ಯದ ಹೊತ್ತಿಗೆ ಬಾಯಿ ಮಾಡಬೇಡ" ಅಂತ ಬೈದೆ. ಅರಿಸಿನ, ತೆಂಗಿನೆಣ್ಣೆ ಹಚ್ಚಿದ್ದಾಳೆ.

ನೀನು ಗಾಬರಿ ಮಾಡಿಕೊಳ್ಳಬೇಡ. ಒಂದು ಚೂರೂ ನೋವಿಲ್ಲ ಅಂತ ಬರೆದಿದ್ದೇನಲ್ಲ. ನೋವಿಲ್ಲದ ಗಾಯಕ್ಕೆ ಯಾರಾದರೂ ಹೆದರುತ್ತಾರೆಯೆ?

ಇತಿ,
ಗೋಪಿನಾಥ

*

ಮಡಿಕೇರಿ
ಡಿಸೆಂಬರ್ ೨೩, ೨೦೨೩

ಅಣ್ಣಯ್ಯ,

ನೋವಿಲ್ಲ ಎಂಬುದೇ ಹೆದರಿಕೆ. ನಿನ್ನ ಕಾಗದ ಓದಿದ ತನ್ಮಯೀ ಕೂಡಲೇ ಬಾಡಿಗೆ ಕಾರಿಗೆ ಫೋನ್ ಮಾಡಿದಳು. ನಾಳೆ ಭಾನುವಾರ ಬರುತ್ತೇವೆ. ನಿನ್ನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇವೆ. ಪೂಜೆ ಮುಗಿಸಿಯೇ ಹೊರಡು, ಕಾಯುತ್ತೇವೆ. ಕಾಗದವನ್ನು ಲೋಕೇಶನಿಗೆ ಬೆಳಗಿನ ಬಸ್ಸಿಗೇ ಕೊಟ್ಟಿದ್ದೇನೆ, ತೋಟಕ್ಕೆ ಹೋಗಿ ಅಡಗಿಕೊಳ್ಳಬೇಡ.

ಕಾತ್ಯಾಯನಿ

*

ದೇವಸ್ಥಾನದ ಮನೆ
ಜನವರಿ ೧, ೨೦೨೪

ಕಾತ್ಯಾಯನಿಗೆ,

ನೀನು ಊಟ ಮಾಡದೆ ಹೋದದ್ದಕ್ಕೆ ಶಾಂಭವಿ ಇನ್ನೂ ನನ್ನ ಮುಖ ನೋಡುತ್ತಿಲ್ಲ. ಆಸ್ಪತ್ರೆಯಲ್ಲಿ ಎಲ್ಲರ ಎದುರು ನಿನ್ನ ಮೇಲೆ ಕೂಗಾಡಿದೆ. ಮೆತ್ತಗೆ ಮಾತಾಡಲು ನನಗೆ ಬರುವುದಿಲ್ಲ ಅಂತ ನಿನಗೆ ಹುಟ್ಟಿದಾಗಿನಿಂದ ಗೊತ್ತು.

ಡಾಕ್ಟರಮ್ಮ ಹೇಳಿದಾಗ ನೀನು ಪಕ್ಕದಲ್ಲೇ ಇದ್ದೆ. ಆದರೆ ಅಳುತ್ತಾ ಇದ್ದೆ. ಅಳುವವರಿಗೆ ಅರ್ಧ ಮಾತ್ರ ಕೇಳಿಸುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಎರಡೂ ಬೆರಳು ಕಪ್ಪಾಗಿವೆ, ಸತ್ತಿವೆ, ಈಗಲೇ ತೆಗೆದರೆ ಪಾದ ಉಳಿಯಬಹುದು ಅಂದಳು. "ಸಂಕ್ರಾಂತಿ ಕಳೆದ ಮೇಲೆ ಬರ್ತೇನಮ್ಮಾ" ಅಂದೆ. "ಅಜ್ಜ, ಅದಕ್ಕೆ ಸಂಕ್ರಾಂತಿ ಗೊತ್ತಾಗೋದಿಲ್ಲ, ಮೇಲೆ ಹತ್ತುತ್ತೆ" ಅಂದಳು. ಅವಳು ಹೇಳಿದ್ದು ಸುಳ್ಳು ಅಂತ ನಾನು ಎಲ್ಲೂ ಹೇಳಿಲ್ಲ.

ಆದರೆ ನೀನೂ ಅರ್ಚಕರ ಮನೆಯ ಮಗಳು. ಅಂಗ ಊನವಾದವನು ಬಿಂಬ ಮುಟ್ಟುವಂತಿಲ್ಲ. ಮೂರ್ತಿಯ ಒಂದು ಬೆರಳು ಮುರಿದರೂ ನಾವು ಪೂಜೆ ನಿಲ್ಲಿಸಿ ನೀರಿಗೆ ಬಿಡುತ್ತೇವೆ. ದೇವರಿಗೇ ಇಲ್ಲದ ರಿಯಾಯಿತಿ ಅರ್ಚಕನಿಗೆ ಎಲ್ಲಿಂದ ಬರಬೇಕು? ಅವನನ್ನು ಬಿಡಲು ಕೆರೆ ಬೇಡ, ಜಗಲಿ ಸಾಕು. ಕಪ್ಪಾದ ಬೆರಳಾದರೂ ಬೆರಳೇ. ಒಣಗಿದೆ, ಕೀವಿಲ್ಲ, ರಕ್ತವಿಲ್ಲ. ಅದು ಕಾಲಿಗೆ ಅಂಟಿಕೊಂಡಿರುವಷ್ಟು ದಿನ ನಾನು ಒಳಗೆ. ಕತ್ತರಿಸಿದ ದಿನದಿಂದ ಹೊರಗೆ. ಈ ಧನುರ್ಮಾಸವಾದರೂ ಮುಗಿಯಲಿ. ಬೇರೆ ಏನು ಕೇಳಿದೆ ನಾನು?

ದೇವಸ್ಥಾನದ ತಕ್ಕರು ಸೋಮಯ್ಯ ಬಂದಿದ್ದರು. ಊರಿನ ಪರವಾಗಿ ಗುಡಿ ನಡೆಸುವವರು, ಸುದ್ದಿ ಮುಟ್ಟದೆ ಇರುತ್ತದೆಯೆ? ಬೆಂಚಿನ ಮೇಲೆ ಕುಳಿತು ಕಾಫಿ ಕುಡಿಯುತ್ತಾ ನನ್ನ ಕಾಲನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡಿದರು.

"ಭಟ್ಟರೆ, ಬೆರಳು ತೆಗೆಸಿಬಿಡಿ. ಆಮೇಲೆ ತಂತ್ರಿಗಳನ್ನ ಕೇಳುವ. ಎಂತಾದರೂ ಪ್ರಾಯಶ್ಚಿತ್ತ ಇರಬಹುದು."

"ತಂತ್ರಿಗಳು ಎಂತ ಹೇಳ್ತಾರೆ ಅಂತ ನಿಮಗೂ ಗೊತ್ತುಂಟಲ್ಲ ತಕ್ಕರೆ."

"ಗೊತ್ತುಂಟು."

"ಮತ್ತೆ?"

ಲೋಟ ಕೆಳಗಿಟ್ಟು ಎದ್ದರು. "ನಾನು ಕಾಫಿ ಕುಡಿದು ಹೋದೆ. ನಿಮ್ಮ ಕಾಲು ನಾನು ನೋಡಲಿಲ್ಲ" ಅಂದರು. ಗೇಟಿನ ತನಕ ಹೋದವರು ತಿರುಗಿ ನಿಂತು, "ಆದರೂ ತೆಗೆಸಿ ಭಟ್ಟರೆ" ಅಂದರು. ಒಳ್ಳೆಯ ಮನುಷ್ಯ. ಒಳ್ಳೆಯವರಿಂದ ಏನೂ ಆಗುವುದಿಲ್ಲ.

ಇತಿ,
ಗೋಪಿನಾಥ

*

ಮಡಿಕೇರಿ
ಜನವರಿ ೮, ೨೦೨೪

ಅಣ್ಣಯ್ಯ,

ಇವತ್ತು ತೆಗೆಸಿದರೂ ಹೋಗುವುದು ಬಹುಶಃ ಬೆರಳು ಮಾತ್ರ. ಮುಂದಿನ ವಾರದ್ದು ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಯಾವಾಗ ಹೇಳಿದರೂ ಕಾರು ಬರುತ್ತದೆ. ಇದಕ್ಕಿಂತ ಹೆಚ್ಚು ಬರೆದರೆ ಬೈದುಬಿಡುತ್ತೇನೆ.

ಕಾತ್ಯಾಯನಿ

*

ದೇವಸ್ಥಾನದ ಮನೆ
ಜನವರಿ ೧೫, ೨೦೨೪

ಕಾತ್ಯಾಯನಿಗೆ,

ಸಂಕ್ರಾಂತಿ ಪೂಜೆ ಮುಗಿಯಿತು. ಒಂದು ದಿನವೂ ತಪ್ಪಿಸಲಿಲ್ಲ.

ಇದನ್ನು ಓದಿದ ಮೇಲೆ ಹರಿದುಬಿಡು. ನಾಲ್ಕು ದಿನದ ಹಿಂದೆ ಬೆರಳಿಗೆ ಸುತ್ತಿದ ಬಟ್ಟೆ ಒದ್ದೆಯಾಗತೊಡಗಿತು. ಅಭಿಷೇಕದ ನೀರು ಅಂತ ಶಾಂಭವಿಗೆ ಹೇಳಿದೆ. ಅವಳು ಬೇರೆ ಬಟ್ಟೆ ಹರಿದು ಕೊಟ್ಟಳು. ವಾಸನೆ ಬರತೊಡಗಿತ್ತು. ಸಾಂಬ್ರಾಣಿ ಜಾಸ್ತಿ ಹಾಕಿದೆ, ಗಂಧ ಜಾಸ್ತಿ ತೇಯ್ದೆ. "ಈ ಸಲ ಭಟ್ಟರು ಗುಡಿಯನ್ನ ಎಷ್ಟು ಘಮಘಮ ಇಟ್ಟಿದ್ದಾರೆ" ಅಂತ ತೀರ್ಥಕ್ಕೆ ಬಂದ ಹೆಂಗಸೊಬ್ಬಳು ಹೇಳಿದಳು. ಕೊಡುತ್ತಿದ್ದ ತೀರ್ಥ ಅವಳ ಸೀರೆಯ ಮೇಲೆ ಚೆಲ್ಲಿತು. ಕೀವು ಬಂದ ಮೇಲೆ ಒಳಗೆ ಹೋಗಬಾರದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಹೋದೆ. ಬೆರಳು ಉಳಿಸಿಕೊಂಡು ನಿಯಮ ಉಳಿಸುತ್ತೇನೆ ಅಂತ ಹೊರಟವನು, ಕೊನೆಗೆ ಬೆರಳನ್ನೂ ಕಳಕೊಂಡೆ, ನಿಯಮವನ್ನೂ ಕೆಡಿಸಿದೆ.

ಇವತ್ತು ಮಂಗಳಾರತಿ ಮಾಡಿ ದೇವರ ಮುಖ ನೋಡಿದೆ. ಐವತ್ತು ವರ್ಷ ಎಣ್ಣೆ ಹಚ್ಚಿ ತೊಳೆದ ಮುಖ. ಏನಾದರೂ ಹೇಳಬಹುದು ಅಂತ ನಿಂತೆ. ಕಲ್ಲು ತಣ್ಣಗಿತ್ತು. ಅಲ್ಲಿ ಬೇರೆ ಏನೂ ಇರಲಿಲ್ಲ ಕಾತ್ಯಾಯನಿ. ಮೊದಲೂ ಇರಲಿಲ್ಲವೋ, ಇವತ್ತು ಹೋಯಿತೋ, ನನಗೆ ತಿಳಿಯಲಿಲ್ಲ. ಹೊಸ್ತಿಲು ದಾಟುವಾಗ ಬಲಗಾಲು ಏಳಲಿಲ್ಲ. ಕೈಯಿಂದ ಎತ್ತಿ ಆಚೆ ಇಟ್ಟುಕೊಂಡೆ.

ಕಾರು ಕಳಿಸು.

ಗೋಪಿನಾಥ

*

ದೇವಸ್ಥಾನದ ಮನೆ
ಮಾರ್ಚ್ ೧೦, ೨೦೨೪

ಕಾತ್ಯಾಯನಿಗೆ,

ಆಸ್ಪತ್ರೆಯಲ್ಲಿ ನೀನು ಅಷ್ಟು ದಿನ ನೆಲದ ಮೇಲೆ ಮಲಗಿದೆ. ನಿನ್ನ ಸೊಂಟ ಈಗ ಹೇಗಿದೆ ಬರೆ.

ಊರು ನನ್ನನ್ನು ನೋಡಲು ಬಂದು ಹೋಗುತ್ತಿದೆ. ಮೊಣಕಾಲಿನ ಕೆಳಗೆ ಖಾಲಿ ಇರುವ ಪಂಚೆಯನ್ನು ನೋಡಿ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಜೀವ ಉಳಿಯಿತಲ್ಲ ಅಂತ. ಹೌದು, ಉಳಿದಿದೆ. ಎಲ್ಲಿಡುವುದು ಅಂತ ಗೊತ್ತಿಲ್ಲ.

ತಂತ್ರಿಗಳು ಬಂದು ಶುದ್ಧಿ ಮಾಡಿಸಿದರು. ಯಾಕೆ ಶುದ್ಧಿ ಅಂತ ತಕ್ಕರು ಊರಿಗೆ ಬಿಡಿಸಿ ಹೇಳಲಿಲ್ಲ. ಪುತ್ತೂರಿನ ಕಡೆಯ ಆನಂದ್ ಎಂಬವರನ್ನು ಅರ್ಚಕರನ್ನಾಗಿ ತಂದಿದ್ದಾರೆ. ನಲವತ್ತರ ಪ್ರಾಯ. ನಮ್ಮನ್ನು ಮನೆ ಬಿಡಿ ಅಂತ ಯಾರೂ ಹೇಳಿಲ್ಲ. ಆತ ಮುಂದಿನ ಕೋಣೆಯಲ್ಲಿ, ನಾವು ಹಿಂದೆ. ಮಂತ್ರ ಶುದ್ಧವಾಗಿ ಹೇಳುತ್ತಾನೆ, ಒಂದು ತಪ್ಪು ಹುಡುಕಲು ಕಿವಿ ಇಟ್ಟು ಕೂರುತ್ತೇನೆ, ಸಿಗುವುದಿಲ್ಲ. ನೈವೇದ್ಯದ ಅನ್ನವನ್ನು ಮೊದಲು ನನಗೆ ತಂದು ಕೊಡುತ್ತಾನೆ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು.

ಮಡಿಕೇರಿಗೆ ಬಂದು ನಿನ್ನ ಜೊತೆ ಇರು ಅಂತ ಬರೆದಿದ್ದೀಯ. ನಿನ್ನ ಮಡಿಕೇರಿ ಇದಕ್ಕಿಂತ ಚಳಿ. ಅಲ್ಲದೆ ಅಲ್ಲಿ ನಾನು ಕಾಲಿಲ್ಲದ ಮುದುಕ. ಇಲ್ಲಿ ಕಾಲಿಲ್ಲದ ಅರ್ಚಕ. ಎರಡೂ ಒಂದೇ ಅಂತ ನೀನು ಹೇಳಬಹುದು.

ಹೊರಾಂಗಣದ ಜಗಲಿಯಲ್ಲಿ ಕೂರಲು ಅಡ್ಡಿಯಿಲ್ಲವಂತೆ. ಕೂರುತ್ತೇನೆ. ಬಾಗಿಲು ತೆರೆದರೆ ದೀಪ ಕಾಣುತ್ತದೆ, ಮುಖ ಕಾಣುವುದಿಲ್ಲ. ನೋಡುವ ಆಸೆಯೂ ಇಲ್ಲ. ಆದರೂ ಕೂರುತ್ತೇನೆ, ಬೇರೆ ಕಡೆ ಕೂತು ಗೊತ್ತಿಲ್ಲ.

ಇತಿ,
ಗೋಪಿನಾಥ

*

ದೇವಸ್ಥಾನದ ಮನೆ
ಡಿಸೆಂಬರ್ ೧೮, ೨೦೨೪

ತಂಗಿ ಕಾತ್ಯಾಯನಿಗೆ,

ಇಷ್ಟು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ನಡೆಯಲಿಲ್ಲ. ನೀನು ಬರೆದದ್ದೆಲ್ಲ ಬಂದಿದೆ. ಶಾಂಭವಿ ಓದಿ ಹೇಳಿದಳು.

ಹುತ್ತರಿ ಹಬ್ಬ ಮುಗಿದು ಮತ್ತೆ ಧನುರ್ಮಾಸ ಬಂತು. ಕತ್ತಲಲ್ಲಿ ಗಂಟೆ ಹೊಡೆಯುತ್ತದೆ. ಈಗಲೂ ಬಾವಿಕಟ್ಟೆಗೆ ಹೋಗಬೇಕು ಅಂತ ಎದ್ದು ಕೂರುತ್ತೇನೆ. ಬಲಗಾಲನ್ನು ಕೆಳಗಿಡಲು ಹೋಗುತ್ತೇನೆ. ಆಮೇಲೆ ಜ್ಞಾಪಕ ಬರುತ್ತದೆ.

ಒಂದು ವಿಷಯ. ನಗಬೇಡ. ಆ ಕಾಲಿಗೆ ಚಳಿಯಾಗುತ್ತಿದೆ. ಇಲ್ಲದ ಕಾಲಿಗೆ. ಇದ್ದಾಗ ಬೆಂಕಿಗೆ ಕೊಟ್ಟರೂ ಮಾತಾಡದ ಕಾಲು ಈಗ ಗಂಟೆ ಹೊಡೆದ ಕೂಡಲೇ ಶುರು ಮಾಡುತ್ತದೆ. ಹೆಬ್ಬೆರಳು ಮೊದಲು, ಆಮೇಲೆ ಪಕ್ಕದ ಬೆರಳು, ಆಮೇಲೆ ಪೂರ್ತಿ ಪಾದ, ಒದ್ದೆ ಕಲ್ಲಿನ ಮೇಲೆ ನಿಲ್ಲಿಸಿದ ಹಾಗೆ. ಎಲ್ಲಿ ನಿಂತಿದೆ ಅಂತಲೂ ಗೊತ್ತಾಗುತ್ತದೆ. ಗರ್ಭಗುಡಿಯಲ್ಲಿ, ಎಡಗಡೆಯ ದೀಪದ ಹತ್ತಿರ, ಕಲ್ಲು ಸ್ವಲ್ಪ ತಗ್ಗಿದೆಯಲ್ಲ, ಅಲ್ಲಿ. ಅಷ್ಟು ವರ್ಷ ಅಲ್ಲೇ ನಿಂತಿದ್ದೆ. ನನ್ನನ್ನು ಹೊರಗೆ ಹಾಕಿದರು, ಅದನ್ನು ಹಾಕಲಿಲ್ಲ ಅಂತ ಕಾಣುತ್ತದೆ.

ಶಾಂಭವಿಗೆ ಹೇಳಿದೆ. ಅವಳು ಹುಚ್ಚು ಅನ್ನಲಿಲ್ಲ. ಕಂಬಳಿ ತಂದು ಮಂಚದ ಮೇಲೆ ಆ ಖಾಲಿ ಜಾಗಕ್ಕೆ ಹೊದಿಸಿ, ಎರಡೂ ಕಡೆ ಒತ್ತಿ ಸೆರಗು ಸಿಕ್ಕಿಸಿದ ಹಾಗೆ ಸಿಕ್ಕಿಸಿದಳು.

"ಈಗ?" ಅಂದಳು.

"ಇನ್ನೂ ಉಂಟು" ಅಂದೆ.

ಅಲ್ಲೇ ಕೈಯಿಟ್ಟುಕೊಂಡು ಕುಳಿತಳು, ಪೂಜೆ ಮುಗಿದ ಗಂಟೆ ಹೊಡೆಯುವವರೆಗೆ.

ಎಡಗಾಲಿನ ವಿಷಯವನ್ನೂ ಬರೆದುಬಿಡುತ್ತೇನೆ. ನೀನಾಗಿ ಬಂದು ನೋಡಿದರೆ ಕಿರುಚುತ್ತೀಯ. ದೀಪಾವಳಿ ಆದಮೇಲೆ ಬೆಳಿಗ್ಗೆ ಬೆಳ್ಳಗಾಗುತ್ತಿದೆ. ಸ್ನಾನದ ಹೊತ್ತಿಗೆ ನೇರಳೆ. ಗೋಣಿಕೊಪ್ಪದ ಅದೇ ಡಾಕ್ಟರು ಬೆರಳಿಟ್ಟು ನೋಡಿದ. ಈ ಸಲ ಅವನು ನಗಲಿಲ್ಲ, ನಾನೂ ಕೇಳಲಿಲ್ಲ. ಮಾತ್ರೆ ಬರೆದುಕೊಟ್ಟಿದ್ದಾನೆ, ನುಂಗುತ್ತೇನೆ. ಬಿಸಿನೀರನ್ನು ಮೊಣಕೈಯಲ್ಲಿ ಮುಟ್ಟಿ ನೋಡುತ್ತೇನೆ. ಒಲೆಯ ಹತ್ತಿರ ಹೋಗುವುದಿಲ್ಲ. ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಮಾಡಿದರೂ ಬೆಳ್ಳಗಾಗುತ್ತಿದೆ.

ಈಗ ನಾನು ಒಳಗೆ ಹೋಗುವುದಿಲ್ಲ, ಮಡಿಯ ಹಂಗಿಲ್ಲ. ಆ ಕಾಲುಚೀಲ ನಿನ್ನ ಬೀರುವಿನಲ್ಲೇ ಇದ್ದರೆ ಲೋಕೇಶನ ಕೈಯಲ್ಲಿ ಕೊಡು. ಬೆಚ್ಚಗಿತ್ತು. ಒಂದು ರಾತ್ರಿ ಹಾಕಿಕೊಂಡಿದ್ದೆ.

"ಒಂದು ತಂದರೆ ಸಾಕಲ್ಲ ಭಟ್ಟರೆ?" ಅಂತ ಕೇಳಿದ ಲೋಕೇಶ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಪಾಪ. ಆದರೂ ಬೈದು ಕಳಿಸಿದೆ.

ಎರಡನ್ನೂ ಕಳಿಸು.

ಇತಿ,
ಅಣ್ಣ ಗೋಪಿನಾಥ